ಚಾರ್ಜರ್ ಹಚ್ಚಿದ ಕೂಡಲೇ ಎಲ್‌ಇಡಿ ಸುಡುವುದೇಕೆ?

ಪ್ರಶ್ನೆ (ಸೇಡಂ): 12 ವೋಲ್ಟ್ ಲೆಡ್-ಆ್ಯಸಿಡ್ ಬ್ಯಾಟರಿಗೆ ಒಂದು ವ್ಯಾಟಿನ ಮೂರು ಬಿಳಿ ಎಲ್‌ಇಡಿ ಸೀರೀಸ್‌ನಲ್ಲಿ, ಜೊತೆಗೆ 8.2 ಓಮ್ ರೆಸಿಸ್ಟರ್ ಹಾಕಿದ್ದೆ. ಚಾರ್ಜರ್ ಹಚ್ಚಿದ ರಾತ್ರಿಯೇ ಸುಟ್ಟವು. ಲೆಕ್ಕ ಸರಿಯಿತ್ತಲ್ಲ?

ಉತ್ತರ: ಸರಿಯಿತ್ತು, ಆದರೆ ಒಂದೇ ವೋಲ್ಟೇಜಿಗೆ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಮೂರು ಎಲ್‌ಇಡಿಗೆ ಸುಮಾರು 9.6 ವೋಲ್ಟ್ ಹೋದರೆ, 12.6ರಲ್ಲಿ ರೆಸಿಸ್ಟರಿಗೆ ಉಳಿಯುವುದು 3. ಕರೆಂಟ್ 366 ಮಿಲಿಆಂಪ್, ಇಷ್ಟನ್ನು ಎಲ್‌ಇಡಿ ತಾಳುತ್ತದೆ. ಚಾರ್ಜಿಂಗ್‌ನಲ್ಲಿ ಬ್ಯಾಟರಿ 14.4ಕ್ಕೆ ಏರಿದಾಗ ಅದೇ ಕರೆಂಟ್ 500 ದಾಟುತ್ತದೆ. ಎಲ್‌ಇಡಿ ಕಾದಂತೆ ಅದರ ವೋಲ್ಟೇಜ್ ಇಳಿದು ಕರೆಂಟ್ ಇನ್ನಷ್ಟು ಏರುತ್ತದೆ. ನೆರಳಿನಲ್ಲೇ 42 ಡಿಗ್ರಿ ಮುಟ್ಟುವ ನಮ್ಮ ಕಲಬುರಗಿ ಸೀಮೆಯಲ್ಲಿ ಅದಕ್ಕೆ ತಣಿಯಲು ಜಾಗವೆಲ್ಲಿ?

ಬರೇ ರೆಸಿಸ್ಟರ್ ನಂಬುವುದು ಬಿಡಿ, ಕರೆಂಟ್ ಸ್ಥಿರವಾಗಿಡುವ ಮೂರು ಕಾಲಿನ ರೆಗ್ಯುಲೇಟರ್ ಐಸಿ ಎಲ್‌ಎಂ317 ಹಾಕಿ. ಅಕ್ಷರ ನಿಮ್ಮತ್ತ ಇರುವಂತೆ ಹಿಡಿದರೆ ಎಡಗಾಲು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಬಲಗಾಲು ಇನ್‌ಪುಟ್. ಬ್ಯಾಟರಿ ಪ್ಲಸ್ ಬಲಗಾಲಿಗೆ. ನಡುಗಾಲು, ಎಡಗಾಲಿನ ನಡುವೆ 3.6 ಓಮ್, 1 ವ್ಯಾಟ್ ರೆಸಿಸ್ಟರ್. ಎಡಗಾಲಿನಿಂದಲೇ ಎಲ್‌ಇಡಿ ಪ್ಲಸ್ಸಿಗೆ ತಂತಿ. ಐಸಿ ಈ ರೆಸಿಸ್ಟರ್ ಮೇಲೆ 1.25 ವೋಲ್ಟ್ ಕಾಯ್ದುಕೊಳ್ಳುವುದರಿಂದ ಕರೆಂಟ್ 347ಕ್ಕೆ ನಿಲ್ಲುತ್ತದೆ. ಮೀಟರನ್ನು ವೋಲ್ಟ್‌ನಲ್ಲೇ ಇಟ್ಟು ರೆಸಿಸ್ಟರ್ ಎರಡೂ ತುದಿಗೆ ಹಿಡಿದು 1.25 ಬಂದಿದೆಯೇ ನೋಡಿ, ವೈರ್ ಕತ್ತರಿಸುವುದು ಬೇಡ.

ಈ ಸರ್ಕ್ಯೂಟಿಗೆ ತನ್ನ ಪಾಲಿಗೇ ಸುಮಾರು 3 ವೋಲ್ಟ್ ಬೇಕು. ಹಾಗಾಗಿ ಎಲ್‌ಇಡಿ ಎರಡೇ ಸಾಕು. ಮೂರು ಹಾಕಿದರೆ ಬ್ಯಾಟರಿ ಸ್ವಲ್ಪ ಇಳಿಯುತ್ತಲೇ ಬೆಳಕು ಕುಂದುತ್ತದೆ. 14.4ರಲ್ಲಿ ಐಸಿ ಸುಮಾರು 2.3 ವ್ಯಾಟ್ ಶಾಖ ಕಕ್ಕುತ್ತದೆ, ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಕಡ್ಡಾಯ. ಬೆಳಕು ಆರಿ ಆರಿ ಹೊತ್ತಿದರೆ ಐಸಿ ಕೆಟ್ಟಿದೆ ಎಂದು ಬಿಸಾಡಬೇಡಿ: ಬಿಸಿಗೆ ತಾನೇ ಬಂದ್ ಆಗಿ, ತಣಿದಾಗ ಚಾಲೂ ಆಗುತ್ತಿದೆ, ಅಷ್ಟೇ. ಐಸಿಯ ಲೋಹದ ಬೆನ್ನಿನಲ್ಲಿ ಔಟ್‌ಪುಟ್ ವೋಲ್ಟೇಜ್ ಇರುತ್ತದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್ ಇಲ್ಲದೆ ಡಬ್ಬಿಗೆ ಸ್ಕ್ರೂ ಹಾಕಬೇಡಿ. ಮೂರೇ ಎಲ್‌ಇಡಿ ಬೇಕೆಂದರೆ ಎಲ್‌ಇಡಿಗೆ ಸ್ಥಿರ ಕರೆಂಟ್ ಕೊಡುವ ಪಿಟಿ4115 ಡ್ರೈವರ್ ಬೋರ್ಡ್ ತನ್ನಿ. ಅದರಲ್ಲಿ ಕರೆಂಟ್ ನಿಗದಿ ಮಾಡುವ ಸೆನ್ಸ್ ರೆಸಿಸ್ಟರ್ 0.33 ಓಮ್ ಇದ್ದರೆ ಕರೆಂಟ್ ಸುಮಾರು 300 ಮಿಲಿಆಂಪ್. ನನ್ನ ಆಯ್ಕೆಯೂ ಅದೇ, ಶಾಖ ಕಡಿಮೆ.

ಪ್ರಶ್ನೆ (ಬೀದರ್): ಎಲ್‌ಇಡಿ ತನಗೆ ಬೇಕಾದಷ್ಟೇ ಕರೆಂಟ್ ಎಳೆಯುತ್ತದೆ, ನೇರ ಹಚ್ಚಿ ಅಂತಾರೆ ಅಂಗಡಿಯವರು.

ಉತ್ತರ: ಶುದ್ಧ ಸುಳ್ಳು. ಕಾಲು ವೋಲ್ಟ್ ಹೆಚ್ಚಾದರೆ ಕರೆಂಟ್ ಹೆಚ್ಚುಕಡಿಮೆ ದುಪ್ಪಟ್ಟು. ಸುಟ್ಟರೆ ಹೊಸದು ಮಾರುವವರೂ ಅವರೇ.

ಪ್ರಶ್ನೆ (ಯಾದಗಿರಿ): ಮೂರು ಎಲ್‌ಇಡಿ ಪ್ಯಾರಲಲ್, ಒಂದೇ ರೆಸಿಸ್ಟರ್ ನಡೆಯುತ್ತದೆಯೇ?

ಉತ್ತರ: ಇಲ್ಲ. ಕಡಿಮೆ ವೋಲ್ಟೇಜಿನದು ಹೆಚ್ಚು ಕರೆಂಟ್ ನುಂಗಿ ಮೊದಲು ಸಾಯುತ್ತದೆ, ಆಮೇಲೆ ಉಳಿದೆರಡು.

ಪ್ರಶ್ನೆ (ಶಹಾಪುರ): ಹೀಟ್‌ಸಿಂಕ್ ಇಲ್ಲದೆ ಬರೇ ಐದು ನಿಮಿಷ ಪರೀಕ್ಷೆ ಮಾಡಬಹುದೇ?

ಉತ್ತರ: ಬೇಡ.