ಅವರನ್ನು ದಡ್ಡರು ಅನ್ನಬೇಡಿ, ಮೇಷ್ಟ್ರೇ

ಪತ್ರ: ಹೋದ ಸಂಚಿಕೆಯಲ್ಲಿ ಜೋನ್ಸ್‌ಟೌನ್ ಬಗ್ಗೆ ಓದಿದೆ. ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿದ್ದ ಆ ನೆಲೆಯಲ್ಲಿ 1978ರಲ್ಲಿ ನಡೆದದ್ದಂತೆ. ಒಬ್ಬ ಪಾದ್ರಿ ಕುಡಿಯಿರಿ ಅಂದನಂತೆ, 900 ಜನ ವಿಷ ಕುಡಿದರಂತೆ. ಇಂಥ ದಡ್ಡರಿಗೆ ನಾಲ್ಕು ಪುಟ ಯಾಕೆ ಕೊಟ್ಟಿರಿ?
– ಒಬ್ಬ ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಡಿ ಎಂದು ಮಕ್ಕಳಿಗೆ ಪಾಠ ಹೇಳಿದವರು ನೀವು. ಆ ಮಾತು ಸರಿ. ಆದರೆ ‘ದಡ್ಡರು’ ಅಂದಿರಲ್ಲ, ಅದನ್ನು ಓದಿ ಎರಡು ದಿನ ನನಗೆ ಸಮಾಧಾನವೇ ಇರಲಿಲ್ಲ.

ಸತ್ತವರಲ್ಲಿ 300ಕ್ಕೂ ಜಾಸ್ತಿ ಮಕ್ಕಳು. ಕೂಸುಗಳ ಬಾಯಿಗೆ ಸಿರಿಂಜಿನಲ್ಲಿ ಸಯನೈಡ್ ಬೆರೆಸಿದ ಶರಬತ್ತು ಹಾಕಿದರು. ಸುತ್ತ ಬಂದೂಕಿನವರ ಕಾವಲು. ಆ ಕೂಸುಗಳಿಗೆ ಯಾವ ಗುರು, ಯಾವ ನಂಬಿಕೆ? ಆದರೂ ಪತ್ರಿಕೆಗಳು ‘ಸಾಮೂಹಿಕ ಆತ್ಮಹತ್ಯೆ’ ಅಂತ ಬರೆದವು. ನಮ್ಮ ಶೀರ್ಷಿಕೆಯಲ್ಲೂ ಅದೇ ಇತ್ತು. ತಪ್ಪಾಯಿತು. ಅದು ಕೊಲೆ.

ದೊಡ್ಡವರಾದರೂ ಸಾಯಲು ಹೋದವರಲ್ಲ. 1950ರ ದಶಕದಲ್ಲಿ ಆ ಪಾದ್ರಿ ಜಿಮ್ ಜೋನ್ಸ್ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪೀಪಲ್ಸ್ ಟೆಂಪಲ್ ಎಂಬ ಚರ್ಚು ಶುರು ಮಾಡಿದ. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಪ್ರಾರ್ಥಿಸುವ ಚರ್ಚು ಆಗ ಅಪರೂಪ. ಅಲ್ಲಿ ಹಸಿದವರಿಗೆ ಊಟವಿತ್ತು, ವಯಸ್ಸಾದವರಿಗೆ ಆಸರೆಯಿತ್ತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಕರಿಯ ಅಜ್ಜಿಯರು ತಮ್ಮ ಪಿಂಚಣಿ ಹಣವನ್ನೇ ಟೆಂಪಲ್ಲಿಗೆ ಒಪ್ಪಿಸಿದರು.

ನಮ್ಮ ಚಿಕ್ಕಮ್ಮನೂ ಒಂದು ಆಶ್ರಮಕ್ಕೆ ತನ್ನ ನಾಲ್ಕು ಚಿನ್ನದ ಬಳೆ ಕೊಟ್ಟಳು. ಎಲ್ಲರೂ ಸೇರಿ ಅವಳನ್ನು ಬೈದೆವು. ಅವಳು ಅಂದದ್ದು ಇಷ್ಟೇ: ‘ಜ್ವರ ಬಂದಾಗ ಗಂಜಿ ತಂದುಕೊಟ್ಟೋರು ಅವರೇ ಕಣಪ್ಪ. ನೀವ್ಯಾರು ಬಂದ್ರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೈಯಲೇಬೇಕು ಅಂದರೆ ದೊಡ್ಡ ಮನುಷ್ಯರನ್ನು ಬೈಯೋಣ. ಚುನಾವಣೆಗೆ ಜನ ಕಳಿಸಿಕೊಡುತ್ತಿದ್ದ ಜೋನ್ಸ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಯರ್ ಮೊಸ್ಕೋನಿ 1976ರಲ್ಲಿ ಅಲ್ಲಿನ ವಸತಿ ಮಂಡಳಿಗೆ ಸೇರಿಸಿದರು. 1977ರಲ್ಲಿ ಒಂದು ಪತ್ರಿಕೆ ಟೆಂಪಲ್ಲಿನ ಒಳಗಿನ ಹೊಡೆತ, ಬೆದರಿಕೆಗಳನ್ನು ಬಯಲಿಗೆಳೆಯಿತು. ಜೋನ್ಸ್ ಗಯಾನಾದ ಕಾಡಿಗೆ ಓಡಿದ. ಅಲ್ಲಿಗೆ ಹೋದವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು. ವಿಷ ಕುಡಿಯುವ ತಾಲೀಮು ನಡೆಯಿತು. ತಪ್ಪಿಸಿಕೊಂಡು ಬಂದ ಡೆಬೊರಾ ಲೇಟನ್ 1978ರ ಜೂನ್‌ನಲ್ಲೇ ಇದನ್ನು ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಕೊನೆಗೆ ನವೆಂಬರ್‌ನಲ್ಲಿ ನೋಡಿಬರಲು ಹೋದದ್ದು ಅಮೆರಿಕದ ಸಂಸದ ಲಿಯೊ ರಯಾನ್. ಅವರ ಜೊತೆ ಹೊರಡುತ್ತೇವೆ ಎಂದು ಹದಿನೈದು ಜನ ಬಂದರು. 18ರಂದು ಪೋರ್ಟ್ ಕೈಟುಮಾದ ವಿಮಾನಪಟ್ಟಿಯಲ್ಲಿ ಜೋನ್ಸ್‌ನ ಕಡೆಯವರು ಗುಂಡು ಹಾರಿಸಿ ರಯಾನ್‌ರನ್ನೂ ಇನ್ನು ನಾಲ್ವರನ್ನೂ ಕೊಂದರು. ಜೋನ್ಸ್‌ಟೌನಿನಲ್ಲಿ ವಿಷ ಹಂಚಿದ್ದೂ ಅವತ್ತೇ.

ಅವತ್ತಿನದು ಮುಕ್ಕಾಲು ಗಂಟೆಯ ಒಂದು ಟೇಪ್ ಉಳಿದಿದೆ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಹೆಂಗಸು ಎದ್ದು ವಾದ ಮಾಡುತ್ತಾರೆ. ರಷ್ಯಾಕ್ಕೆ ಹೋಗಬಹುದಲ್ಲ ಅನ್ನುತ್ತಾರೆ, ಈ ಮಕ್ಕಳು ಬದುಕಬೇಕು ಅನ್ನುತ್ತಾರೆ. ಜನ ಕೂಗಾಡಿ ಅವರ ಬಾಯಿ ಮುಚ್ಚಿಸುತ್ತಾರೆ. ಎಲ್ಲರೂ ಎದುರು ನಿಂತಾಗ ಹೀಗೆ ಮಾತಾಡುವ ಧೈರ್ಯ ನಿಮಗೆ, ನನಗೆ ಬರುತ್ತಿತ್ತಾ, ಮೇಷ್ಟ್ರೇ?

ಇಷ್ಟೆಲ್ಲ ಆದಮೇಲೆ ಲೋಕದ ನೆನಪಿನಲ್ಲಿ ಉಳಿದದ್ದು ಒಂದು ತಮಾಷೆ. ಯಾರಾದರೂ ಹಿಂದೆಮುಂದೆ ನೋಡದೆ ನಂಬಿದರೆ ‘ಕೂಲ್-ಏಡ್ ಕುಡಿದಿದ್ದಾನೆ’ ಅಂತ ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಾರೆ. ಬೆಂಗಳೂರಿನ ಆಫೀಸುಗಳಲ್ಲೂ ಕೇಳಿದ್ದೇನೆ. ಕೂಲ್-ಏಡ್ ಅಂದರೆ ಒಂದು ಕಂಪನಿಯ ಶರಬತ್ತಿನ ಪುಡಿ. ಅವತ್ತು ಕಲಸಿದ್ದು ಬೇರೆ ಕಂಪನಿಯ ಫ್ಲೇವರ್ ಏಡ್ ಪುಡಿ. ನಗುವವರಿಗೆ ಅಷ್ಟೂ ಗೊತ್ತಿಲ್ಲ. ನಾವು ಪತ್ರಿಕೆಯವರೂ ಹಾಗೇ. ಕೊಂದವನ ಹೆಸರು ಬಾಯಿಪಾಠ, ಸತ್ತವರದು ಬರೀ ಲೆಕ್ಕ. ಕಾಲ್ತುಳಿತವಾಗಲಿ, ಬಸ್ಸು ಉರುಳಲಿ, ಮಾರನೇ ದಿನ ಸಂಖ್ಯೆ ಹಾಕಿ ಸುಮ್ನಾಗುತ್ತೇವೆ.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಎವರ್‌ಗ್ರೀನ್ ಸ್ಮಶಾನದಲ್ಲಿ 400ಕ್ಕೂ ಹೆಚ್ಚು ಜನರನ್ನು ಒಂದೇ ಕಡೆ ಹೂಳಿದ್ದಾರೆ. ಸತ್ತ ಎಲ್ಲರ ಹೆಸರಿರುವ ಕಲ್ಲು ಅಲ್ಲಿಗೆ ಬರಲು 2011ರವರೆಗೆ ಕಾಯಬೇಕಾಯಿತು. ಅದರಲ್ಲಿ ಜೋನ್ಸ್‌ನ ಹೆಸರನ್ನೂ ಕೆತ್ತಿದ್ದಾರೆ. ಅದೊಂದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.