ಹೆಸರು ಬೇಡ ಅಂದ್ರೆ ನಂಬರಾದ್ರೂ ಕಾಣ್ಲಿ

ಸನ್ನಿವೇಲ್‌ನಿಂದ ಬರೆದಿರೋ ಓದುಗರಿಗೆ ನಮಸ್ಕಾರ. ಪೊಲೀಸರು, ಕೇಂದ್ರದ ಅಧಿಕಾರಿಗಳು ಎಲ್ಲರೂ ತಮ್ಮ ಗುರುತು ಕಾಣೋ ಹಾಗೆ ಹಾಕ್ಕೋಬೇಕು ಅನ್ನೋ ಕ್ಯಾಲಿಫೋರ್ನಿಯಾದ ಐಡಿ ಕಾನೂನು ಸರಿ ಅಂತ ಹೋದ ಸಂಚಿಕೇಲಿ ನಾನು ಬರೆದಿದ್ದು ನಿಮಗೆ ಹಿಡಿಸಿಲ್ಲ. ಇಮಿಗ್ರೇಷನ್ ಅನ್ನೋದು ಕೇಂದ್ರ ಸರ್ಕಾರದ ಕೆಲಸ, ರಾಜ್ಯ ಯಾಕೆ ಕೈ ಹಾಕ್ಬೇಕು ಅಂತೀರಿ, ಗುರುತು ಗೊತ್ತಾದ್ರೆ ಐಸ್ (ಕೇಂದ್ರದ ಇಮಿಗ್ರೇಷನ್ ಇಲಾಖೆ) ಅಧಿಕಾರಿಗಳ ಮನೆಯವ್ರಿಗೆ ಬೆದರಿಕೆ ಬರುತ್ತೆ ಅಂತೀರಿ, ಕೊನೇಲಿ ವೀಸಾ ಸರಿ ಇರೋ ನಮಗೆ ಇದ್ರಿಂದ ಏನು ಅಂತ ಕೇಳಿದೀರಿ.

ಬೆದರಿಕೆ ಭಯ ಸುಳ್ಳಲ್ಲ ಸರ್. ಆದ್ರೆ 2025ರ ಸೆಪ್ಟೆಂಬರಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಿದ್ದು ಎರಡು ಬೇರೆ ಕಾನೂನಿಗೆ, ಎಸ್‌ಬಿ (ಸೆನೆಟ್ ಬಿಲ್) 627 ಅಧಿಕಾರಿಗಳು ಮಾಸ್ಕ್ ಹಾಕ್ಬಾರ್ದು ಅನ್ನೋದ್ರ ಬಗ್ಗೆ, ಎಸ್‌ಬಿ 805 ಗುರುತಿನ ಬಗ್ಗೆ. ಈ 805 ಹೆಸರೇ ಬೇಕು ಅನ್ನಲ್ಲ, ಇಲಾಖೆ ಯಾವ್ದು ಅಂತ ಇರ್ಬೇಕು, ಜೊತೆಗೆ ಹೆಸರೋ ಬ್ಯಾಡ್ಜ್ ನಂಬರೋ ಒಂದು ಕಾಣ್ಬೇಕು, ವೇಷ ಮರೆಸಿ ಕೆಲಸ ಮಾಡೋರಿಗೆ ವಿನಾಯ್ತಿನೂ ಇದೆ. ಬರೀ ನಂಬರ್ ನೋಡಿದ ದಾರಿಹೋಕನಿಗೆ ಅವ್ರ ಮನೆ ಎಲ್ಲಿ ಅಂತ ಗೊತ್ತಾಗಲ್ಲ, ಆದ್ರೆ ನಾಳೆ ವಕೀಲರು ಕೋರ್ಟಲ್ಲಿ ಈ ನಂಬರಿನೋರು ಯಾರು ಅಂತ ಕೇಳ್ಬಹುದು. ನನಗೆ ಬೇಕಾಗಿರೋದು ಅಷ್ಟೇ.

ಇನ್ನೊಂದು ಭಯನೂ ಇದೆ, ಅದನ್ನ ನೀವು ಬರೆದಿಲ್ಲ. 2025ರ ಜೂನಲ್ಲಿ ಮಿನ್ನೆಸೋಟಾದಲ್ಲಿ ಪೊಲೀಸ್ ವೇಷದಲ್ಲಿ ರಾತ್ರಿ ಬಂದೋನು ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್‌ನ ಅವ್ರ ಮನೇಲೇ ಗಂಡನ ಸಮೇತ ಕೊಂದ. ಬಾಗಿಲು ತಟ್ಟಿದೋರು ನಿಜವಾಗ್ಲೂ ಪೊಲೀಸಾ ಅಂತ ತಿಳ್ಕೊಳ್ಳೋಕೆ ಜನಕ್ಕೆ ಒಂದು ದಾರಿ ಬೇಡ್ವಾ?

ಕೇಂದ್ರ, ರಾಜ್ಯದ ಪ್ರಶ್ನೆ ಕಷ್ಟದ್ದೇ, ಒಪ್ತೀನಿ. ಈ ಎರಡೂ ಕಾನೂನಿನ ವಿರುದ್ಧ ಕೇಂದ್ರ 2025ರ ನವೆಂಬರಲ್ಲೇ ಕೇಸ್ ಹಾಕ್ತು. 2026ರ ಫೆಬ್ರವರೀಲಿ ಲಾಸ್ ಏಂಜಲೀಸ್‌ನ ಫೆಡರಲ್ ಜಡ್ಜ್ ಕ್ರಿಸ್ಟಿನಾ ಸ್ನೈಡರ್ ಮಾಸ್ಕ್ ಕಾನೂನನ್ನ ಕೇಂದ್ರದೋರ ಮೇಲೆ ಹಾಕೋ ಹಾಗಿಲ್ಲ ಅಂತ ತಡೆದ್ರು, ಯಾಕಂದ್ರೆ ಅದು ರಾಜ್ಯದ ಸ್ವಂತ ಪೊಲೀಸರನ್ನ ಹೊರಗಿಟ್ಟಿತ್ತು. ಎಲ್ಲರಿಗೂ ಒಂದೇ ಥರ ಇದ್ದ ಐಡಿ ನಿಯಮವನ್ನ ಅವ್ರು ತಡೀಲಿಲ್ಲ. ಮೇಲಿನ ಕೋರ್ಟಲ್ಲಿ ಇದು ನಿಲ್ಲಲಿ ಬಿಡ್ಲಿ, ಅರೆಸ್ಟ್ ಮಾಡುವಾಗ ಪರಿಸ್ಥಿತಿ ಸುರಕ್ಷಿತ ಅನ್ನಿಸಿದ ಕೂಡ್ಲೆ ತಾನು ಇಮಿಗ್ರೇಷನ್ ಅಧಿಕಾರಿ ಅಂತ ಹೇಳ್ಬೇಕು ಅನ್ನೋದು ಕೇಂದ್ರದ್ದೇ ಹಳೇ ನಿಯಮ. ನಮ್ಮ ಕಡೆನೂ ಡಿ.ಕೆ. ಬಸು ಕೇಸಲ್ಲಿ ಸುಪ್ರೀಂ ಕೋರ್ಟ್ ಬಂಧಿಸೋ ಪೊಲೀಸರು ಹೆಸರಿನ ಬ್ಯಾಡ್ಜ್ ಎದ್ದು ಕಾಣೋ ಹಾಗೆ ಹಾಕ್ಕೋಬೇಕು ಅಂದಿತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಲೂ ಅದು ಇದೆ. ಪಾಲನೆ ಎಷ್ಟಾಗ್ತಿದೆ ಅನ್ನೋದು ಬೇರೆ ಮಾತು, ಆದ್ರೆ ಕೇಳೋಕೆ ಒಂದು ಕಾನೂನು ಅಂತ ಇದೆ.

ಇನ್ನು ನಿಮ್ಮ ವೀಸಾ ಮಾತು. 2025ರ ಮಾರ್ಚಲ್ಲಿ ಬಾಸ್ಟನ್ ಪಕ್ಕದ ಸಾಮರ್ವಿಲ್‌ನಲ್ಲಿ ಟಫ್ಟ್ಸ್ ಯೂನಿವರ್ಸಿಟಿಯ ಟರ್ಕಿ ವಿದ್ಯಾರ್ಥಿನಿ ರಂಜಾನ್ ಉಪವಾಸ ಬಿಡೋಕೆ ಅಂತ ಹೊರಟಿದ್ರು, ಮಾಮೂಲಿ ಬಟ್ಟೇಲಿದ್ದೋರು ರಸ್ತೇಲೇ ಸುತ್ತುವರಿದು ಕೈ ಹಿಡಿದು ಫೋನ್ ಕಿತ್ಕೊಂಡ್ರು, ಆಮೇಲೆ ಮುಖ ಮುಚ್ಕೊಂಡ್ರು. ಆ ವಿಡಿಯೋ ನೋಡಿ, ಆ ಹುಡುಗಿ ಜಾಗದಲ್ಲಿ ನಿಮ್ಮ ಮಗಳನ್ನ ಇಟ್ಟು ನೋಡಿ ಸರ್. ಅವ್ರಿಗೂ ವೀಸಾ ಇತ್ತು, ಅದು ರದ್ದಾಗಿದ್ದನ್ನ ಯಾರೂ ಅವ್ರಿಗೆ ತಿಳಿಸಿರ್ಲಿಲ್ಲ.