ಶೋರೂಮಿನ ಲೆಕ್ಕ ಬೇರೆ, ನಮ್ಮ ಮಳೆಯ ಲೆಕ್ಕ ಬೇರೆ

ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನನ್ನದು 125 ಸಿಸಿಯ ಬಿಎಸ್6 (ಹೊಸ ಹೊಗೆ ನಿಯಮದ) ಬೈಕ್. ಫ್ರೀ ಸರ್ವಿಸ್ ಎಲ್ಲ ಮುಗಿದಿದೆ, ವಾರಂಟಿ ಇನ್ನೂ ಇದೆ. ಸರ್ವಿಸ್‌ಗೆ ಅಂತ ಶಿವಮೊಗ್ಗಕ್ಕೆ ಹೋದರೆ ಇಡೀ ದಿನ ಹೋಗುತ್ತದೆ. ಬಿಲ್ಲಿನಲ್ಲಿ ನಾನು ಹೇಳದ ಐಟಂಗಳೂ ಇರುತ್ತವೆ. ಹೋದ ಮಳೆಗಾಲದಲ್ಲಿ ಸರ್ವಿಸ್ ಮಾಡಿಸಿ ಹದಿನೈದು ದಿನಕ್ಕೇ ಚೈನ್ ಲಟಲಟ ಅನ್ನತೊಡಗಿತು. ಇನ್ನು ಎಲ್ಲ ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಸ್ಪಾನರ್ ಸೆಟ್ ತಂದಿದ್ದೇನೆ. ಅಣ್ಣ ಮಾತ್ರ ಈಗಿನ ಗಾಡಿ ಮುಟ್ಟಬೇಡ ಅನ್ನುತ್ತಾನೆ. ನೀವೇನು ಹೇಳುತ್ತೀರಿ?"

ಸ್ಪಾನರ್ ಸೆಟ್ ತಂದಿದ್ದು ಒಳ್ಳೆಯದಾಯಿತು. ಆದರೆ "ಎಲ್ಲ ಮನೆಯಲ್ಲೇ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಅಣ್ಣ ಹೇಳಿದ "ಮುಟ್ಟಬೇಡ" ಅನ್ನುವುದನ್ನಂತೂ ಇನ್ನೂ ಒಪ್ಪುವುದಿಲ್ಲ.

ಮೊದಲು ಆ ಚೈನ್ ವಿಷಯ. ಹದಿನೈದು ದಿನಕ್ಕೆ ಚೈನ್ ಸಡಿಲವಾಯಿತು ಅಂದಮಾತ್ರಕ್ಕೆ ಸರ್ವಿಸ್ ಕೆಟ್ಟದಾಗಿತ್ತು ಅಂತ ಹೇಳಲಾಗದು. ಕಂಪನಿಯವರು ಇಡೀ ದೇಶಕ್ಕೆ ಒಂದೇ ಪುಸ್ತಕ ಅಚ್ಚು ಹಾಕುತ್ತಾರೆ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು ಅಂತ ಅದರಲ್ಲಿ ಬರೆದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಚಿತ್ರದುರ್ಗದ ಕಡೆ ಅದರ ಹತ್ತರಲ್ಲೊಂದು ಪಾಲು ಬಂದರೆ ಹೆಚ್ಚು. ಎರಡೂ ಕಡೆಯ ಗಾಡಿಗೆ ಅದೇ ಪುಸ್ತಕ, ಅದೇ ಸರ್ವಿಸ್ ದಿನ! ನಿಮ್ಮ ನಗರ, ಹುಲಿಕಲ್ ಕಡೆಯ ಮಳೆ ನಿಮಗೇ ಗೊತ್ತು. ಆ ಮಳೆಯಲ್ಲಿ ಚೈನಿಗೆ ಹಾಕಿದ ಆಯಿಲ್ ಕೆಲವೇ ದಿನದಲ್ಲಿ ತೊಳೆದುಹೋಗುತ್ತದೆ. ಜಾಗ ಖಾಲಿಯಾದಲ್ಲಿ ಕೆಂಪು ಮಣ್ಣು ಸೇರಿಕೊಳ್ಳುತ್ತದೆ. ಅದರಲ್ಲಿರುವ ಸಣ್ಣ ಮರಳು ಚೈನಿನ ಪಿನ್ನನ್ನೂ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲುಚಕ್ರದ) ಹಲ್ಲನ್ನೂ ತಿನ್ನುತ್ತಾ ಹೋಗುತ್ತದೆ. ಇದಕ್ಕೆ ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬಂದರೆ ಏನೂ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಚೈನ್ ನೋಡಬೇಕು. ಆ ಕೆಲಸ ಯಾವ ಶೋರೂಮೂ ಮಾಡಿಕೊಡಲಾರದು. ಅದು ಗಾಡಿ ಇಟ್ಟುಕೊಂಡವರದೇ.

ಮಾಡುವ ಕ್ರಮ ಹೇಳುತ್ತೇನೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಆಫ್ ಆಗಿರಬೇಕು, ಕೀ ನಿಮ್ಮ ಜೇಬಿನಲ್ಲಿರಬೇಕು. ಕೆಲಸ ಬೇಗ ಆಗಲಿ ಅಂತ ಎಂಜಿನ್ ಓಡಿಸಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆ ಸಿಕ್ಕಿಕೊಂಡರೆ ಸ್ಪ್ರಾಕೆಟ್ ಬೆರಳನ್ನೂ ಎಳೆದುಕೊಳ್ಳುತ್ತದೆ. ದಯವಿಟ್ಟು ಆ ಕೆಲಸ ಯಾವತ್ತೂ ಮಾಡಬೇಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಕೊಳೆ ತೆಗೆಯಿರಿ. ತಂತಿ ಬ್ರಷ್ ಬೇಡ, ಪೆಟ್ರೋಲೂ ಬೇಡ. ಓ-ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಬಳೆ) ಇರುವ ಚೈನಾದರೆ ಅವೆರಡರಿಂದ ರಬ್ಬರ್ ಹಾಳಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಚೈನಿನ ಒಳಮಗ್ಗುಲಿಗೆ 90 ನಂಬರ್ ಗೇರ್ ಆಯಿಲ್ ಬಿಡಿ. ಹೆಚ್ಚಾಗಿದ್ದನ್ನು ಒರೆಸಿಬಿಡಿ. ರಾತ್ರಿ ಮಾಡಿಟ್ಟರೆ ಬೆಳಿಗ್ಗೆಯೊಳಗೆ ಆಯಿಲ್ ಒಳಗೆ ಇಳಿದಿರುತ್ತದೆ.

ಆಮೇಲೆ ಸಡಿಲ ನೋಡಿ. ಚೈನಿನ ಕೆಳಸಾಲಿನ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಪುಸ್ತಕದಲ್ಲಿದೆ, ಅದನ್ನೇ ನಂಬಿ. ಚಕ್ರ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಿ, ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಬಿಗಿ ಮಾಡುವಾಗ ಎರಡೂ ಕಡೆಯ ಅಡ್ಜಸ್ಟರ್‌ಗಳನ್ನು ಸಮವಾಗಿ ತಿರುಗಿಸಿ. ಎರಡೂ ಬದಿಯ ಗುರುತು ಒಂದೇ ಗೆರೆಗೆ ಬರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಕೊನೆಗೆ ಆಕ್ಸಲ್ ನಟ್ ಗಟ್ಟಿ ಮಾಡಿದ್ದೇನಾ ಅಂತ ಎರಡನೇ ಸಲ ನೋಡಿ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಪೆಡಲಿನ ಆಟವೂ ಬದಲಾಗಿರುತ್ತದೆ, ಅದನ್ನೂ ಸರಿ ಮಾಡಿಕೊಳ್ಳಿ.

ನಿಮ್ಮ ಗಾಡಿಗೆ ಪೂರ್ತಿ ಚೈನ್ ಕವರ್ ಇದ್ದರೆ ಅದರಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಸಡಿಲ ಗೊತ್ತಾಗುತ್ತದೆ. ಕವರ್ ಇದೆ ಅಂತ ಸುಮ್ನೆ ಇದ್ದುಬಿಡಬೇಡಿ. ಒಳಗೆ ಹೋಗುವ ಕೆಸರು ಕಡಿಮೆ ನಿಜ, ಆದರೆ ಒಮ್ಮೆ ಹೋದ ಕೆಸರು ತಾನಾಗಿ ಹೊರಗೆ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕವರ್ ಬಿಚ್ಚಿ ತೊಳೆಯಲೇಬೇಕು.

ಇಷ್ಟರ ಜೊತೆಗೆ ಟೈರಿನ ಗಾಳಿ, ಕ್ಲಚ್ ಕೇಬಲ್ಲಿಗೆ ಎರಡು ಹನಿ ಆಯಿಲ್, ಸಡಿಲವಾದ ನಟ್ಟು ಬೋಲ್ಟು. ಇವೆಲ್ಲ ಮನೆಯ ಕೆಲಸಗಳೇ. ಏರ್ ಫಿಲ್ಟರ್ ಮುಟ್ಟುವ ಮೊದಲು ಮಾತ್ರ ಅದು ಯಾವ ಬಗೆಯದು ಅಂತ ಪುಸ್ತಕ ನೋಡಿ. ಸ್ಪಂಜಿನದನ್ನು ತೊಳೆದು ಮತ್ತೆ ಹಾಕಬಹುದು. ಎಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸುವುದೊಂದೇ ದಾರಿ.

ಈಗ ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಆ ಜಾವಾ, ಯೆಜ್ಡಿಗಳನ್ನು ಇಟ್ಟುಕೊಂಡವರು ಪ್ಲಗ್ ಉಜ್ಜುವುದು, ಪಾಯಿಂಟ್ ಸರಿ ಮಾಡುವುದು, ಕಾರ್ಬುರೇಟರ್ ಬಿಚ್ಚುವುದನ್ನೆಲ್ಲ ಕಲಿತೇ ಇರಬೇಕಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ನಿಮ್ಮಂಥ ಹೆಚ್ಚಿನ ಗಾಡಿಗಳಲ್ಲಿ ಹಳೇ ಬಗೆಯ ಕಾರ್ಬುರೇಟರ್ ಇಲ್ಲ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸೆನ್ಸರ್, ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಇವೆ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡರೆ ಯಾಕೆ ಅಂತ ಸ್ಕ್ಯಾನರ್ ಹಾಕಿ ಓದಬೇಕು. ಅಲ್ಲಿ ನಿಮ್ಮ ಅಣ್ಣ ಹೇಳಿದ್ದು ಸರಿ, ವೈರ್ ಕಿತ್ತು ನೋಡುವ ಕೆಲಸ ಬೇಡ. ಆದರೆ ಚೈನ್, ಕೇಬಲ್, ಟೈರ್ ಬದಲಾಗಿಲ್ಲ ಅಲ್ವಾ? ಅವತ್ತಿನಂತೆಯೇ ಇವತ್ತೂ ಅವಕ್ಕೆ ಕೈ ಬೇಕು.

ಡಿಸ್ಕ್ ಬ್ರೇಕನ್ನೂ ಮನೆಯಲ್ಲಿ ಬಿಚ್ಚಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಅಂದಮೇಲೆ ಆ ತೇವ ಎಷ್ಟಿರಬೇಕು ಯೋಚಿಸಿ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ನೀರು ಹೀರಿಕೊಂಡ ಆಯಿಲ್‌ಗೆ ಆ ಮಿತಿ 155 ಡಿಗ್ರಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಹಿಡಿದುಕೊಂಡೇ ಇಳಿದರೆ ಬಿಸಿ ಏರುತ್ತಲೇ ಇರುತ್ತದೆ. ಒಳಗೆ ಆಯಿಲ್ ಕುದ್ದು ಆವಿಯಾದರೆ ಲಿವರ್ ಮೆತ್ತಗಾಗಿ, ಹಿಡಿದರೂ ಬ್ರೇಕ್ ಹತ್ತುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು. ಬದಲಿಸುವಾಗ ಒಳಗೆ ಗಾಳಿ ಉಳಿಯದಂತೆ ನೋಡಿಕೊಳ್ಳಬೇಕು. ಅದಕ್ಕೆ ಪಳಗಿದ ಕೈಯೇ ಬೇಕು. ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಎಂಜಿನ್ ಆಯಿಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಆದರೂ ವಾರಂಟಿ ಮುಗಿಯುವವರೆಗೆ ಅದನ್ನು ಶೋರೂಮಿಗೇ ಬಿಡಿ. ಸರ್ವಿಸ್‌ಗಳು ಹೊತ್ತಿಗೆ ಸರಿಯಾಗಿ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಆಗಿರಬೇಕು ಅನ್ನುವುದು ಹೆಚ್ಚಿನ ಕಂಪನಿಗಳ ವಾರಂಟಿ ಷರತ್ತು. ನಾಳೆ ಎಂಜಿನ್ನಿಗೆ ಏನಾದರೂ ಆದರೆ ಅದನ್ನೇ ತೋರಿಸುತ್ತಾರೆ. ವಾರಂಟಿ ಮುಗಿದ ಮೇಲೆ ನೀವೇ ಮಾಡುವುದಾದರೆ ಡಬ್ಬದ ಮೇಲೆ ಬೈಕಿನ ಆಯಿಲ್ ಅನ್ನುವುದಕ್ಕೆ ಗುರುತಾದ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಡ್ರೈನ್ ಬೋಲ್ಟನ್ನು ಮೈಯೆಲ್ಲ ಬಲ ಹಾಕಿ ತಿರುವಬೇಡಿ. ಅದು ಕೂರುವ ಜಾಗ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಉಳಿಸಿದ ದುಡ್ಡಿಗಿಂತ ಖರ್ಚು ಜಾಸ್ತಿ. ಇಳಿಸಿದ ಹಳೇ ಆಯಿಲನ್ನು ತೋಟದ ಬಸಿಗಾಲುವೆಗೆ ಖಂಡಿತ ಚೆಲ್ಲಬೇಡಿ. ಆ ನೀರು ಹೋಗಿ ಸೇರುವುದು ಶರಾವತಿಗೆ. ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.

ಗ್ಯಾರೇಜ್ ಅಂದಾಗ ನೆನಪಾಯಿತು. ನೀವೂ ನಿಮ್ಮ ಅಣ್ಣನೂ ಮನೆ, ಶೋರೂಮ್ ಎರಡನ್ನೇ ಹೇಳಿದ್ದೀರಿ. ಹೊಸನಗರದಲ್ಲಿ, ರಿಪ್ಪನ್‌ಪೇಟೆಯಲ್ಲಿ ಗಾಡಿ ರಿಪೇರಿ ಮಾಡುವವರು ಇದ್ದೇ ಇರುತ್ತಾರೆ. ಅಲ್ಲಿ ಪಕ್ಕದಲ್ಲೇ ನಿಂತು ನೋಡಬಹುದು, ಕೇಳಬಹುದು. ಬ್ರೇಕ್ ಶೂ ಎಷ್ಟು ಸವೆದಿದೆ, ಸ್ಪ್ರಾಕೆಟ್ ಹಲ್ಲು ಚೂಪಾದರೆ ಹೇಗೆ ಕಾಣುತ್ತದೆ ಅನ್ನುವುದನ್ನೆಲ್ಲ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸಂಬಳವಿಲ್ಲದೆ ಪಾಠ ಹೇಳುವ ಅಂಥವರನ್ನು ಕಳೆದುಕೊಳ್ಳಬೇಡಿ.

ಇನ್ನು ಬಿಲ್ಲು. ಗಾಡಿ ಬಿಡುವಾಗಲೇ ಜಾಬ್ ಕಾರ್ಡ್ (ಮಾಡುವ ಕೆಲಸಗಳ ಪಟ್ಟಿ) ಓದಿ ಸಹಿ ಹಾಕಿ. ಪಾಲಿಶ್, ಕೋಟಿಂಗ್, ಎಂಜಿನ್ ಫ್ಲಷ್ ಬೇಡವಾದರೆ ಬೇಡ ಅಂತ ಅದರಲ್ಲೇ ಬರೆಸಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ. ಇಷ್ಟಾದರೂ ಹೇಳದ ಐಟಂ ಬಂದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ನಿಮ್ಮ ಮುಂದಿನ ಸರ್ವಿಸ್ ಜುಲೈಗೆ ಬೀಳುವ ಹಾಗಿದ್ದರೆ ಮೇ ತಿಂಗಳಲ್ಲೇ ಮುಗಿಸಿಬಿಡಿ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು ಕೇಳಿ, ಬ್ರೇಕ್ ಪ್ಯಾಡ್ ಮತ್ತು ಶೂ ಈ ಮಳೆಗಾಲ ದಾಟುತ್ತವಾ ಕೇಳಿ. ಹೈ ಪ್ರೆಶರ್ ನೀರನ್ನು ಚಕ್ರದ ಬೇರಿಂಗ್ ಮೇಲೆ, ಚೈನಿನ ಮೇಲೆ ನೇರವಾಗಿ ಹೊಡೆಯಬೇಡಿ ಅಂತಲೂ ಹೇಳಿ. ಬರುವಾಗ ಒಂದು ಲೀಟರ್ 90 ನಂಬರ್ ಗೇರ್ ಆಯಿಲ್ ತನ್ನಿ, ಮಳೆಗಾಲ ಪೂರ್ತಿ ಸಾಕಾಗುತ್ತದೆ.

– ಸಂಪಾದಕ